ಹೆಂಗಸರಿಗೆ ಮಾತ್ರ ಸಿಕ್ಕ ಶಿಕ್ಷೆ

ಎಲ್ಲರಿಗೂ ನಮಸ್ಕಾರ.

ಇವತ್ತು ನಾವು ನೋಡುವ ‘ಟೂ ಲೈವ್ಸ್’ 2012ರ ಚಿತ್ರ. ನಿರ್ದೇಶಕರು ಗೇಯೋರ್ಗ್ ಮಾಸ್. ಪಾತ್ರಗಳು ನಾರ್ವೇಜಿಯನ್, ಜರ್ಮನ್ ಎರಡೂ ಮಾತಾಡುತ್ತವೆ. ಕಥೆ ನಡೆಯುವುದು ಬರ್ಲಿನ್ ಗೋಡೆ ಬಿದ್ದ ಹೊಸತರಲ್ಲಿ. ಅದರ ಬೇರು ಮಾತ್ರ ಐವತ್ತು ವರ್ಷ ಹಿಂದಿನದು. ಚಿತ್ರದ ತಿರುವುಗಳನ್ನು ನಾನು ಹೇಳುವುದಿಲ್ಲ, ಆ ಬೇರಿನ ಬಗ್ಗೆ ಮಾತಾಡುತ್ತೇನೆ. ಅದು ಗೊತ್ತಿಲ್ಲದಿದ್ದರೆ ಇದು ಸುಮ್ನೆ ಒಂದು ಗೂಢಚಾರರ ಕಥೆಯಂತೆ ಕಂಡುಬಿಡುತ್ತದೆ.

1940ರ ಏಪ್ರಿಲ್ 9ರಂದು ಹಿಟ್ಲರನ ಸೈನ್ಯ ನಾರ್ವೆಗೆ ನುಗ್ಗಿತು. ಐದು ವರ್ಷ ಅಲ್ಲೇ ಬೀಡುಬಿಟ್ಟಿತು. ಆಗ ನಾರ್ವೆಯ ಜನಸಂಖ್ಯೆ ಸುಮಾರು 30 ಲಕ್ಷ. ಜರ್ಮನ್ ಸೈನಿಕರೇ 3 ಲಕ್ಷಕ್ಕಿಂತ ಜಾಸ್ತಿ ಇದ್ದರು. ಅವರ ಅಡುಗೆಮನೆಗೆ, ಕಚೇರಿಗೆ ಊರಿನ ಹುಡುಗಿಯರು ಕೆಲಸಕ್ಕೆ ಹೋದರು. ಎರಡೂ ಕಡೆ ಹರೆಯದವರು, ವರ್ಷಗಟ್ಟಲೆ ಒಂದೇ ಊರಲ್ಲಿ. ಪ್ರೀತಿ ಹುಟ್ಟದೇ ಇರುತ್ತದೆಯೇ? ಹೀಗೆ ಸಂಬಂಧ ಬೆಳೆಸಿದ ಹೆಂಗಸರು 30ರಿಂದ 50 ಸಾವಿರ ಎಂದು ಅಂದಾಜು. ಹುಟ್ಟಿದ ಮಕ್ಕಳು 10ರಿಂದ 12 ಸಾವಿರ.

ನಾಜಿಗಳಿಗೆ ಇದು ಖುಷಿಯ ವಿಷಯವೇ ಆಗಿತ್ತು. ನಾರ್ವೆಯ ಜನ ‘ಶ್ರೇಷ್ಠ ರಕ್ತ’ದವರು ಎಂದು ಅವರು ನಂಬಿದ್ದರು. ನಾಜಿಗಳ ಅರೆಸೈನಿಕ ಪಡೆ ಎಸ್‌ಎಸ್ ನಡೆಸುತ್ತಿದ್ದ ‘ಲೇಬೆನ್ಸ್‌ಬೋರ್ನ್’ ಎಂಬ ಸಂಸ್ಥೆ ಅಲ್ಲಿ ಹೆರಿಗೆ ಮನೆಗಳನ್ನು ತೆರೆಯಿತು. ಕೆಲವು ಕೂಸುಗಳನ್ನು ಜರ್ಮನಿಗೂ ಸಾಗಿಸಿತು. ಚಿತ್ರದ ಕಥೆ ಅಂಥ ಒಂದು ಕೂಸಿನದು.

1945ರ ಮೇ 8ಕ್ಕೆ ನಾರ್ವೆ ಬಿಡುಗಡೆಯಾಯಿತು. ಜನ ಈ ಹೆಂಗಸರನ್ನು ಬೀದಿಗೆಳೆದು ತಲೆ ಬೋಳಿಸಿದರು. ಪೊಲೀಸರು ಸಾವಿರಾರು ಹೆಂಗಸರನ್ನು ಹಿಡಿದರು. ಅವರಲ್ಲಿ ಹಲವರನ್ನು ಓಸ್ಲೋ ಪಕ್ಕದ ಹೋವೆಡೋಯ ದ್ವೀಪದ ಶಿಬಿರದಲ್ಲಿ ವಿಚಾರಣೆಯಿಲ್ಲದೆ ಕೂಡಿಹಾಕಿದರು. ಆದರೆ ಜರ್ಮನ್ನನನ್ನು ಪ್ರೀತಿಸುವುದು ಅಪರಾಧ ಎಂದು ಯಾವ ಕಾನೂನೂ ಹೇಳಿರಲಿಲ್ಲ. ಆಗಸ್ಟ್‌ನಲ್ಲಿ ಸರ್ಕಾರವೇ ನಿಯಮ ಬದಲಿಸಿತು. ಜರ್ಮನ್ನರನ್ನು ಮದುವೆಯಾದ ಹೆಂಗಸರ ಪೌರತ್ವ ಕಿತ್ತುಕೊಂಡು ಗಡಿ ದಾಟಿಸಿತು. ಹೊಸ ನಿಯಮ ಹಳೆಯ ಮದುವೆಗಳಿಗೂ ಅನ್ವಯವಾಯಿತು.

ಇನ್ನೊಂದು ಮಾತು ನನ್ನನ್ನು ಬಹಳ ಕಾಡುತ್ತದೆ. ಜರ್ಮನ್ ಹೆಂಗಸರನ್ನು ಮದುವೆಯಾದ ನಾರ್ವೆಯ ಗಂಡಸರೂ ಇದ್ದರು. ಇತಿಹಾಸಕಾರರು ಗುರುತಿಸಿದ ಅಂಥ 28 ಮಂದಿಯಲ್ಲಿ ಒಬ್ಬನ ಪೌರತ್ವವೂ ಹೋಗಲಿಲ್ಲ. ಜರ್ಮನ್ನರಿಗೆ ರಸ್ತೆ, ವಿಮಾನ ನಿಲ್ದಾಣ ಕಟ್ಟಿಕೊಟ್ಟು ಕೂಲಿ ಪಡೆದ ಗಂಡಸರ ತಲೆಯನ್ನು ಯಾರೂ ಬೋಳಿಸಲಿಲ್ಲ. ಸಿಟ್ಟು ಬರೀ ದೇಶದ್ರೋಹದ ಮೇಲಿದ್ದಿದ್ದರೆ ಹೀಗಾಗುತ್ತಿತ್ತೇ? ‘ನಮ್ಮ’ ಹೆಂಗಸರ ಮೈಯನ್ನು ದೇಶದ ಆಸ್ತಿ ಎಂದುಕೊಂಡವರ ಸಿಟ್ಟು ಇದು ಎಂದೇ ನನಗನಿಸುತ್ತದೆ.

ಮಕ್ಕಳೂ ತಪ್ಪಿಸಿಕೊಳ್ಳಲಿಲ್ಲ. ಶಾಲೆಯಲ್ಲಿ ಅವಮಾನ, ಕೆಲವರಿಗೆ ಅನಾಥಾಲಯ. ‘ಅಬ್ಬಾ’ ತಂಡದ ಗಾಯಕಿ ಆನಿ-ಫ್ರಿಡ್ ಲಿಂಗ್‌ಸ್ಟಾಡ್ ಗೊತ್ತಲ್ವಾ? ಆಕೆಯೂ ಅಂಥ ಮಗು. 1945ರ ನವೆಂಬರ್‌ನಲ್ಲಿ ಹುಟ್ಟಿದವರು. ಅಜ್ಜಿ ಆಕೆಯನ್ನು ಸ್ವೀಡನ್‌ಗೆ ಕರೆದುಕೊಂಡು ಹೋಗಿ ಸಾಕಿದರು. ತಂದೆಯನ್ನು ಕಂಡದ್ದು 1977ರಲ್ಲಿ, ತಾನು ಜಗತ್ಪ್ರಸಿದ್ಧಳಾದ ಮೇಲೆ.

ಹೆಂಗಸರ ಕ್ಷಮೆ ಕೇಳಿದ್ದು ಪ್ರಧಾನಿ ಎರ್ನಾ ಸೋಲ್‌ಬರ್ಗ್, 2018ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಅವರಲ್ಲಿ ಹೆಚ್ಚಿನವರು ತೀರಿಕೊಂಡಿದ್ದರು.

ಈ ಚಿತ್ರ ಬಂದಾಗ ಆ ಕ್ಷಮೆ ಇನ್ನೂ ಆರು ವರ್ಷ ದೂರವಿತ್ತು. ತಾಯಿಯ ಪಾತ್ರದಲ್ಲಿ ಲಿವ್ ಉಲ್ಮನ್, ಮಗಳಾಗಿ ಯೂಲಿಯಾನೆ ಕೋಲರ್ ಇದ್ದಾರೆ. ಸರ್ಕಾರದ ವಿರುದ್ಧ ಸಾಕ್ಷಿ ಹೇಳಿ ಎಂದು ವಕೀಲನೊಬ್ಬ ಇಬ್ಬರನ್ನೂ ಕೇಳುತ್ತಾನೆ. ಮಗಳು ಯಾಕೆ ಹಿಂಜರಿಯುತ್ತಾಳೆ ಎಂಬುದನ್ನು ಗಮನವಿಟ್ಟು ನೋಡಿ. ಚಿತ್ರ ಮುಗಿದ ಮೇಲೆ ಕೂತು ಮಾತಾಡೋಣ.