ವುಡ್‌ಬ್ರಿಜ್‌ನ ಹುಡುಗ, ಒಂದು ಗಿಟಾರು, ಒಂದು ಹಳೇ ರ‍್ಯಾಪ್ ಹಾಡು

ಎಲ್ಲರಿಗೂ ನಮಸ್ಕಾರ. ಈಗ ನಿಮಗೆ ಕಾಣುತ್ತಿರುವುದು ಐ-95 ಹೆದ್ದಾರಿ. ಶನಿವಾರ ಮಧ್ಯಾಹ್ನ ಬೇರೆ, ಕಾರುಗಳು ಓಡುತ್ತಿಲ್ಲ, ತೆವಳುತ್ತಿವೆ. ವಾಷಿಂಗ್ಟನ್ ಡಿಸಿಯಿಂದ ದಕ್ಷಿಣಕ್ಕೆ ಹೊರಟರೆ ಸಿಗುವ ವುಡ್‌ಬ್ರಿಜ್ ಇದು. ವರ್ಜೀನಿಯಾದ ಕನ್ನಡದವರಿಗೆ ವುಡ್‌ಬ್ರಿಜ್ ಅಂದರೆ ಪೊಟೋಮ್ಯಾಕ್ ಮಿಲ್ಸ್ ಮಾಲ್. ಊರಿಂದ ಅಪ್ಪ ಅಮ್ಮ ಬಂದರೆ ನಾವು ಕರೆದುಕೊಂಡು ಬರುವುದೂ ಅಲ್ಲಿಗೇ. ವಾಪಸ್ ಹೋಗುವ ಮುಂಚೆ ಸೂಟ್‌ಕೇಸ್ ತುಂಬಬೇಕಲ್ವಾ?

ಇವತ್ತು ಶಾಪಿಂಗ್ ಇಲ್ಲ. ಈ ಊರಿನ ಒಬ್ಬ ಹಾಡುಗಾರನ ಬಗ್ಗೆ ಮಾತಾಡಬೇಕು. ಹೆಸರು ಶಬೂಜಿ. ಹಾಡುವುದು ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಗಿಟಾರು-ಫಿಡಲ್ ಸಂಗೀತ. ನಿಜವಾದ ಹೆಸರು ಕಾಲಿನ್ಸ್ ಒಬಿನ್ನಾ ಚಿಬುಯೆಜೆ. ಅಪ್ಪ ಅಮ್ಮ ನೈಜೀರಿಯಾದ ಇಗ್ಬೊ ಜನ. ಶಾಲೆಯ ಫುಟ್‌ಬಾಲ್ ಕೋಚ್ ಬಾಯಲ್ಲಿ ಚಿಬುಯೆಜೆ ಸರಿಯಾಗಿ ಹೊರಳದೆ ಶಬೂಜಿ ಆಯಿತು, ಅದೇ ಉಳಿಯಿತು. ಅಮೆರಿಕಕ್ಕೆ ಬಂದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸುತ್ತ ನೋಡಿ. ಕುದುರೆ ಇಲ್ಲ, ಹುಲ್ಲಿನ ಬಣವೆ ಇಲ್ಲ. ಟೌನ್‌ಹೌಸ್‌ಗಳ ಸಾಲು, ಗ್ಯಾಸ್ ಸ್ಟೇಷನ್, ಪಾರ್ಕಿಂಗ್ ಲಾಟ್. ಇಂಥ ಕಡೆಯಿಂದ ಕೌಬಾಯ್ ಟೋಪಿ ಹಾಕಿಕೊಂಡು ಬಂದವನು ವೇಷ ಹಾಕಿದ್ದಾನೆ ಅಂತ ಸುಮಾರು ಜನ ಅಂದುಕೊಂಡರು. ನನಗೆ ಹಾಗನ್ನಿಸುವುದಿಲ್ಲ. ಯಾಕೆ ಅಂತ ಹೇಳುವ ಮೊದಲು ಆ ಹಾಡು.

'ಎ ಬಾರ್ ಸಾಂಗ್', 2024ರ ಏಪ್ರಿಲ್‌ನಲ್ಲಿ ಬಂತು. ಶುರುವಾಗುವುದು ಅಕೌಸ್ಟಿಕ್ ಗಿಟಾರಿನಿಂದ. ಹುಡುಗಿಗೆ ಭಾರೀ ಬೆಲೆಯ ಬರ್ಕಿನ್ ಬ್ಯಾಗ್ ಬೇಕು. ಪೆಟ್ರೋಲು ದುಬಾರಿ, ದಿನಸಿ ದುಬಾರಿ. ಬೆಳಗ್ಗೆಯಿಂದ ಸಂಜೆ ತನಕ ದುಡಿದರೂ ಏನೂ ಗಿಟ್ಟುತ್ತಿಲ್ಲ. ಸರಿ, ನಡಿ ಬಾರಿಗೆ. ಕಂಟ್ರಿ ಹಾಡುಗಳಲ್ಲಿ ನೂರು ಸಲ ಬಂದಿರುವ ಗೋಳು ಇದು. ಆದರೆ ಕೋರಸ್‌ಗೆ ಬಂದಾಗ ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸುವ ಸಾಲು ಬರುತ್ತದೆ ನೋಡಿ, ಅದು ಸೇಂಟ್ ಲೂಯಿಸ್‌ನ ರ‍್ಯಾಪರ್ ಜೆ-ಕ್ವಾನ್ 2004ರಲ್ಲಿ ಹಾಡಿದ 'ಟಿಪ್ಸಿ'ಯಿಂದ ತೆಗೆದುಕೊಂಡದ್ದು. ಆಗ ಅದು ಕ್ಲಬ್ಬುಗಳಲ್ಲಿ ಕುಣಿಯುವ ಹಾಡು. ಇಲ್ಲಿ ಅದೇ ಎಣಿಕೆಯ ಸುತ್ತ ಚಪ್ಪಾಳೆ, ಫಿಡಲ್, ಜೊತೆಗೆ ಬಾರಲ್ಲಿ ಕೂತ ಅಷ್ಟೂ ಜನ ದನಿ ಸೇರಿಸಿದ ಹಾಗೆ ಒಂದು ಗುಂಪಿನ ಕೂಗು.

ಹೆಡ್‌ಫೋನ್ ಹಾಕಿಕೊಂಡು ಕೇಳಿ. ಪದಗಳನ್ನು ರ‍್ಯಾಪಿನವರ ಹಾಗೆ ಬೀಟಿನ ಮೇಲೆ ಒತ್ತೊತ್ತಾಗಿ ಕೂರಿಸುತ್ತಾನೆ. ದನಿ ಮಾತ್ರ ಕಂಟ್ರಿಯದು, ಎಳೆದು ಎಳೆದು ಬಿಡುವ ದನಿ. ಕಂಟ್ರಿಯವರು, ರ‍್ಯಾಪಿನವರು ಸೇರಿ ಹಾಡಿದ್ದು ಇದೇ ಮೊದಲೇನಲ್ಲ. 2004ರಲ್ಲೇ ರ‍್ಯಾಪರ್ ನೆಲ್ಲಿ ಮತ್ತು ಕಂಟ್ರಿ ಗಾಯಕ ಟಿಮ್ ಮೆಗ್ರಾ ಒಟ್ಟಿಗೆ ಹಾಡಿದ್ದರು. ಅಂಥ ಹಾಡುಗಳಲ್ಲಿ ಇವರ ಪಾಲು ಎಲ್ಲಿ ಮುಗಿಯಿತು, ಅವರ ಪಾಲು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆದು ತೋರಿಸಬಹುದು. ಎರಡು ಮನೆಯವರು ಮದುವೆಯಲ್ಲಿ ಬೇರೆ ಬೇರೆ ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ. ಶಬೂಜಿಯ ಹಾಡಿನಲ್ಲಿ ಆ ಗೆರೆ ಹುಡುಕಿದರೂ ಸಿಗುವುದಿಲ್ಲ.

ಬಿಲ್‌ಬೋರ್ಡ್ ಹಾಟ್ 100, ಅಂದರೆ ಅಮೆರಿಕದಲ್ಲಿ ವಾರವಾರ ಬರುವ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಇದು 19 ವಾರ ಮೊದಲ ಸ್ಥಾನದಲ್ಲಿತ್ತು. 2019ರಲ್ಲಿ 'ಓಲ್ಡ್ ಟೌನ್ ರೋಡ್' ಮಾಡಿದ್ದ, ಆಗಿನ ದಾಖಲೆಯೂ 19 ವಾರವೇ. ರ‍್ಯಾಪರ್ ಲಿಲ್ ನಾಸ್ ಎಕ್ಸ್‌ನ ಆ ಹಾಡು ಸಾಕಷ್ಟು ಕಂಟ್ರಿ ಅಲ್ಲ ಅಂತ ಬಿಲ್‌ಬೋರ್ಡ್ ಅದನ್ನು ಕಂಟ್ರಿ ಪಟ್ಟಿಯಿಂದಲೇ ತೆಗೆದುಹಾಕಿತ್ತು. ಐದು ವರ್ಷದ ನಂತರ ಶಬೂಜಿ ಎರಡೂ ಪಟ್ಟಿಗಳ ತುದಿಯಲ್ಲಿ ಕೂತ. ಕಂಟ್ರಿ ಪಟ್ಟಿಯಲ್ಲಿ ಅವನು ಕೆಳಗಿಳಿಸಿದ್ದು ಯಾರ ಹಾಡನ್ನು ಗೊತ್ತಾ? ಬಿಯಾನ್ಸೆಯದು. ಅದೇ ವರ್ಷ ಬಂದ ಅವರ 'ಕೌಬಾಯ್ ಕಾರ್ಟರ್' ಆಲ್ಬಮ್‌ನಲ್ಲಿ ಇವನೂ ಎರಡು ಹಾಡುಗಳಲ್ಲಿ ಇದ್ದಾನೆ.

ಲಿಲ್ ನಾಸ್ ಎಕ್ಸ್ ದಾರಿ ಮಾಡಿಕೊಟ್ಟ, ಇವನು ಅದೇ ದಾರಿ ಹಿಡಿದ ಅಂತ ಹೇಳುವವರಿದ್ದಾರೆ. ಪೂರ್ತಿ ಸರಿಯಲ್ಲ. ಇವನ ಮೊದಲ ಆಲ್ಬಮ್ 'ಲೇಡಿ ರ‍್ಯಾಂಗ್ಲರ್' ಬಂದದ್ದು 2018ರಲ್ಲಿ. ಆಗ ಯಾರೂ ಕ್ಯಾರೇ ಅನ್ನಲಿಲ್ಲ, ಅಷ್ಟೇ.

ಈಗ ವೇಷದ ಮಾತಿಗೆ ಬರೋಣ. ಮೊದಲನೆಯದು ಮನೆ. ಇವನ ಅಪ್ಪ ಓದಲು ಟೆಕ್ಸಸ್‌ಗೆ ಬಂದವರು, ಕಂಟ್ರಿ ಕೇಳುತ್ತಿದ್ದವರು. ನೈಜೀರಿಯಾದಲ್ಲಿ ಜಿಮ್ ರೀವ್ಸ್, ಡಾನ್ ವಿಲಿಯಮ್ಸ್, ಕೆನ್ನಿ ರಾಜರ್ಸ್ ಥರದ ಕಂಟ್ರಿ ಗಾಯಕರು ಮನೆಮಾತು. ಹಾಗಾಗಿ ಆ ಮನೆಯಲ್ಲಿ ಕಂಟ್ರಿ ಅಂದರೆ ಅಪ್ಪನ ಕಾಲದ ಹಾಡು.

ಎರಡನೆಯದು ಈ ವರ್ಜೀನಿಯಾ. ಸಮುದ್ರದ ಕಡೆ, ನಾರ್ಫೋಕ್, ಪೋರ್ಟ್ಸ್‌ಮತ್, ವರ್ಜೀನಿಯಾ ಬೀಚ್ ಇವೆಯಲ್ಲ, ಅಲ್ಲಿಂದ ಬಂದವರು ಟಿಂಬಲ್ಯಾಂಡ್, ಮಿಸ್ಸಿ ಎಲಿಯಟ್, ಫರೆಲ್ ವಿಲಿಯಮ್ಸ್. 2000ದ ಆಸುಪಾಸಿನ ಹಿಪ್-ಹಾಪ್ ಬೀಟುಗಳಲ್ಲಿ ಅರ್ಧಕ್ಕರ್ಧ ಇವರ ಕೈಯಿಂದ ಬಂದವು ಅನ್ನಿಸುವಷ್ಟು ಇವರ ಹಾವಳಿ. ಇತ್ತ ಬೆಟ್ಟದ ಕಡೆ ವಿಂಚೆಸ್ಟರ್, ಕಂಟ್ರಿ ಗಾಯಕಿ ಪ್ಯಾಟ್ಸಿ ಕ್ಲೈನ್ ಹುಟ್ಟಿದ ಊರು. ಇನ್ನೂ ಕೆಳಗೆ, ನೈಋತ್ಯದ ಮೂಲೆಯಲ್ಲಿ ಕಾರ್ಟರ್ ಕುಟುಂಬ ಅನ್ನುವ ಹಾಡುಗಾರರ ಊರು. 1927ರಲ್ಲಿ ಟೆನೆಸಿ ಗಡಿಯ ಬ್ರಿಸ್ಟಲ್‌ನಲ್ಲಿ ಇವರು ಹಾಡಿ ಮುದ್ರಿಸಿದ್ದನ್ನೇ ಕಂಟ್ರಿ ಸಂಗೀತದ ಆರಂಭ ಅಂತ ಹೇಳುವುದು ರೂಢಿ. ಇವೆರಡರ ನಡುವೆ ಬೆಳೆದ ಹುಡುಗನಿಗೆ ರೇಡಿಯೊದಲ್ಲಿ ಒಂದು ಸ್ಟೇಷನ್ ತಿರುಗಿಸಿದರೆ ಅದು, ಇನ್ನೊಂದು ತಿರುಗಿಸಿದರೆ ಇದು.

ಕಾರ್ಟರ್ ಕುಟುಂಬ ಅಂದೆನಲ್ಲ, ಅದರದ್ದೂ ಒಂದು ಕಥೆ ಇದೆ. 2025ರ ಮೇ ತಿಂಗಳು, ಅಮೆರಿಕನ್ ಮ್ಯೂಸಿಕ್ ಅವಾರ್ಡ್ಸ್. ಶಬೂಜಿ ಪ್ರಶಸ್ತಿ ಘೋಷಿಸಲು ವೇದಿಕೆ ಮೇಲೆ ನಿಂತಿದ್ದ. ಜೊತೆಗಿದ್ದ ಗಾಯಕಿ ಎದುರಿನ ಪರದೆ ನೋಡಿ ಓದಿದರು, ಈ ಬಗೆಯ ಸಂಗೀತವನ್ನು ಹುಟ್ಟುಹಾಕಿದ್ದೇ ಕಾರ್ಟರ್ ಕುಟುಂಬ ಅನ್ನುವ ಅರ್ಥದಲ್ಲಿ. ಇವನು ಪಕ್ಕಕ್ಕೆ ಒಂದು ನೋಟ ಹರಿಸಿ ಸಣ್ಣಗೆ ನಕ್ಕ. ಅಷ್ಟಕ್ಕೇ ಇಂಟರ್ನೆಟ್ ಹೊತ್ತಿಕೊಂಡಿತು. ಆಮೇಲೆ ಅವನು ಜನರಿಗೆ ಒಂದಷ್ಟು ಹೆಸರು ಕೊಟ್ಟು, ಹುಡುಕಿ ನೋಡಿ ಅಂದ. ಅದರಲ್ಲಿ ಒಂದು ಲೆಸ್ಲಿ ರಿಡಲ್.

ನಾನೂ ಹುಡುಕಿದೆ. ರಿಡಲ್ ಕಪ್ಪು ಜನಾಂಗದ ಗಿಟಾರು ವಾದಕರು. ಸಿಮೆಂಟ್ ಕಾರ್ಖಾನೆಯ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡವರು. ಆ ಕುಟುಂಬದ ಎ.ಪಿ. ಕಾರ್ಟರ್ ಬೆಟ್ಟದೂರುಗಳಲ್ಲಿ ಹಾಡು ಸಂಗ್ರಹಿಸಲು ತಿರುಗುವಾಗ ಇವರೂ ಜೊತೆ. ಯಾರದೋ ಮನೆ ಜಗುಲಿಯಲ್ಲಿ ಒಂದು ಹಾಡು ಸಿಕ್ಕಿತು ಅನ್ನಿ, ಪದಗಳನ್ನು ಕಾರ್ಟರ್ ಬರೆದುಕೊಳ್ಳುತ್ತಿದ್ದರು, ಧಾಟಿಯನ್ನು ರಿಡಲ್ ತಲೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಮನೆಗೆ ಬಂದು ನುಡಿಸಿ ತೋರಿಸುತ್ತಿದ್ದರು. ಅದೇ ಕುಟುಂಬದ ಮೇಬೆಲ್ ಕಾರ್ಟರ್ ಗಿಟಾರಿನ ಪಟ್ಟು ಕಲಿತದ್ದು ರಿಡಲ್ ಅವರಿಂದ. ರೆಕಾರ್ಡಿನ ಮೇಲೆ ಮಾತ್ರ ರಿಡಲ್ ಹೆಸರು ಬರಲಿಲ್ಲ. ಕಂಟ್ರಿಯ ಗುರುತು ಅಂತ ನಾವು ನೋಡುವ ಬ್ಯಾಂಜೊ ಕೂಡ ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಾದ್ಯದಿಂದಲೇ ಬೆಳೆದದ್ದು. ಇಷ್ಟು ಗೊತ್ತಾದ ಮೇಲೆ ಆ ನಗು ನನಗೆ ದುರಹಂಕಾರ ಅನ್ನಿಸಲಿಲ್ಲ.

ಹಾಗಂತ ಇವನು ಮಾಡಿದ್ದೆಲ್ಲ ಚಿನ್ನ ಅನ್ನುವುದಿಲ್ಲ. 2024ರ ಆಲ್ಬಮ್‌ನಲ್ಲಿ ಕುಡಿತ, ಹೆದ್ದಾರಿ, ಬಿಟ್ಟುಹೋದ ಹುಡುಗಿ ಸ್ವಲ್ಪ ಜಾಸ್ತಿಯೇ ಆಯಿತು. 'ಬಾರ್ ಸಾಂಗ್' ಅನ್ನು ನಾನೀಗ ಅಂಗಡಿಯಲ್ಲಿ ಕೇಳಿದರೆ ಬೇಗ ಬಿಲ್ ಮಾಡಿಸಿ ಹೊರಡುತ್ತೇನೆ, ಅಷ್ಟು ತಲೆ ತಿಂದಿದೆ. ನನಗೆ ಹೆಚ್ಚು ಇಷ್ಟ 'ಹೈವೇ'. ಮತ್ತೊಂದು 'ಮೈ ಫಾಲ್ಟ್'. ಅದರಲ್ಲಿ ಜೊತೆಗೆ ಹಾಡಿದವರು ನೋವಾ ಸೈರಸ್. ಇವರ ಅಪ್ಪ ಬಿಲ್ಲಿ ರೇ ಸೈರಸ್, 'ಓಲ್ಡ್ ಟೌನ್ ರೋಡ್' ರೀಮಿಕ್ಸ್‌ನಲ್ಲಿ ಕೇಳುವ ಕಂಟ್ರಿ ದನಿ. ಬೇಕಂತಲೇ ಮಾಡಿದ್ದೋ ಕಾಕತಾಳೀಯವೋ, ನನಗಂತೂ ಮಜಾ ಅನ್ನಿಸಿತು.

ಇಲ್ಲಿಂದ ಮುಂದೆ ಐ-66 ಹಿಡಿದು ವಿಂಚೆಸ್ಟರ್ ಕಡೆ ಹೊರಟಿದ್ದೇನೆ. ಪ್ಯಾಟ್ಸಿ ಕ್ಲೈನ್ ಇದ್ದ ಪುಟ್ಟ ಮನೆ ಈಗ ಮ್ಯೂಸಿಯಂ. ಅದು ಮುಂದಿನ ವಿಡಿಯೊದಲ್ಲಿ. ಅಷ್ಟರೊಳಗೆ 'ಹೈವೇ' ಕೇಳಿ, ಹೇಗನ್ನಿಸಿತು ಬರೆಯಿರಿ. ಬರೀ ಬೀಟ್ ಚೆನ್ನಾಗಿದೆ ಅಂದರೆ ನಡೆಯುವುದಿಲ್ಲ.