ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಲಾಗಿನ್ ಮ್ಯಾನೇಜರ್ ಅಳವಡಿಸುವ ಬಗೆ

ಮಾನ್ಯ ಶಿಕ್ಷಕ ಬಂಧುಗಳೇ, ಶಾಲೆಗಳ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿರುವ ಗೆಳೆಯರೇ,

ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಒಂದು ಪರದೆಯ ಬಗ್ಗೆ ಉಡುಪಿಯವರೆಗೆ ಬಂದು ಮಾತಾಡುವಂಥದ್ದು ಏನಿದೆ ಎಂದು ಬೆಳಿಗ್ಗೆ ಒಬ್ಬರು ಕೇಳಿದರು. ಆ ಪರದೆ ಬಾರದ ದಿನ ತರಗತಿಯ ಮಕ್ಕಳನ್ನೆಲ್ಲ ಎದುರಿಗಿಟ್ಟುಕೊಂಡು ಕಪ್ಪು ಮಾನಿಟರಿನ ಮುಂದೆ ನಿಂತವರಿಗೆ ಈ ಸಂಶಯ ಬರುವುದಿಲ್ಲ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಂದವರು ಮೊದಲು ಚಾವಡಿಯಲ್ಲಿ ಕೂರುತ್ತಾರೆ. ಬೆಲ್ಲ ನೀರು ಕೊಟ್ಟು, ಯಾವ ಊರು, ಯಾರ ಪೈಕಿ ಎಂದು ವಿಚಾರಿಸಿದ ಮೇಲೆಯೇ ಒಳಗಿನ ಮಾತು. ಲಾಗಿನ್ ಮ್ಯಾನೇಜರ್, ಅಂದರೆ ಡಿಸ್‌ಪ್ಲೇ ಮ್ಯಾನೇಜರ್, ಅಂಥ ಚಾವಡಿ. ಪ್ರಶ್ನೆ ಕೇಳುವುದು ಅಲ್ಲಿ, ಆದರೆ ಉತ್ತರ ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ಒಳಗಿರುವ ಪ್ಯಾಮ್ ಎಂಬ ದೃಢೀಕರಣ ವ್ಯವಸ್ಥೆ. ಅದು ಒಪ್ಪಿದ ಬಳಿಕ, ನೀವು ಆರಿಸಿದ ಡೆಸ್ಕ್‌ಟಾಪನ್ನು ನಿಮ್ಮ ಹೆಸರಿನಲ್ಲಿ ಆರಂಭಿಸಿಕೊಡುವುದು ಮತ್ತೆ ಲಾಗಿನ್ ಮ್ಯಾನೇಜರಿನದೇ ಕೆಲಸ. ಕೇಳುವುದು, ಒಪ್ಪುವುದು, ಆರಂಭಿಸುವುದು: ಈ ಮೂರನ್ನು ಬೇರೆಬೇರೆಯಾಗಿ ನೋಡಲು ಕಲಿತರೆ ದೋಷ ಎಲ್ಲಿದೆಯೆಂದು ಹುಡುಕುವುದು ಸುಲಭ.

ಈ ಬಗೆಯ ತಂತ್ರಾಂಶ 1988ರಲ್ಲಿ, ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಎಕ್ಸ್ ವಿಂಡೋ ವ್ಯವಸ್ಥೆಯ ಹನ್ನೊಂದನೆಯ ಆವೃತ್ತಿಯ ಮೂರನೆಯ ಬಿಡುಗಡೆಯೊಂದಿಗೆ, ಎಕ್ಸ್‌ಡಿಎಂ ಎಂಬ ಹೆಸರಿನಲ್ಲಿ ಬಂತು. ಇಂದು ನಿಮ್ಮ ಕೈಗೆ ಸಿಗುವವು ಮುಖ್ಯವಾಗಿ ಗ್ನೋಮ್ ಎಂಬ ಡೆಸ್ಕ್‌ಟಾಪಿನ ಜಿಡಿಎಂ, ಕೆಡಿಇ ಪ್ಲಾಸ್ಮಾ ಎಂಬ ಇನ್ನೊಂದು ಡೆಸ್ಕ್‌ಟಾಪಿನ ಜೊತೆ ಬಳಕೆಯಲ್ಲಿರುವ ಎಸ್‌ಡಿಡಿಎಂ, ಮತ್ತು ಲೈಟ್‌ಡಿಎಂ. ಜಿಡಿಎಂ ತನ್ನ ಲಾಗಿನ್ ಪರದೆಗೂ ಗ್ನೋಮ್ ಡೆಸ್ಕ್‌ಟಾಪಿನ ಮುಖ್ಯ ಭಾಗವಾದ ಗ್ನೋಮ್ ಶೆಲ್ಲನ್ನೇ ಓಡಿಸುವುದರಿಂದ, ಮೆಮೊರಿ ಕಡಿಮೆಯಿರುವ ಹಳೆಯ ಲ್ಯಾಬ್ ಯಂತ್ರಗಳಿಗೆ ಅದು ಭಾರ. ಅಂಥ ಕಡೆ ಲೈಟ್‌ಡಿಎಂ ಹಾಕಿ ಎಂಬುದು ನನ್ನ ಸಲಹೆ. ಗ್ರೀಟರ್ ಎನ್ನಿಸಿಕೊಳ್ಳುವ ಅದರ ಹೊರ ಪರದೆ ಪ್ರತ್ಯೇಕ ಪ್ಯಾಕೇಜ್; ಅದನ್ನು ಮರೆತರೆ ಚಾವಡಿ ಇದ್ದೂ ಮಾತಾಡಿಸುವವರು ಇಲ್ಲದಂತಾಗುತ್ತದೆ.

ಡೆಬಿಯನ್ ಮತ್ತು ಉಬುಂಟು ಎಂಬ ಲಿನಕ್ಸ್ ಬಗೆಗಳಿರುವ ಯಂತ್ರಗಳಲ್ಲಿ ಈಗಾಗಲೇ ಒಂದು ಲಾಗಿನ್ ಮ್ಯಾನೇಜರ್ ಇರುವಾಗ ಇನ್ನೊಂದನ್ನು ಹಾಕಿದರೆ, ಯಾವುದು ಮುಖ್ಯವೆಂದು ಅನುಸ್ಥಾಪನೆಯ ನಡುವೆಯೇ ಕೇಳುತ್ತದೆ. ಮುಂದೆ ಮನಸ್ಸು ಬದಲಾದರೆ 'ಡಿಪಿಕೆಜಿ-ರಿಕಾನ್ಫಿಗರ್ ಲೈಟ್‌ಡಿಎಂ' ಎಂಬ ಆದೇಶದಿಂದ ಅದೇ ಪ್ರಶ್ನೆಯನ್ನು ಮತ್ತೆ ಕರೆಯಬಹುದು. ಫೆಡೋರಾ ಎಂಬ ಇನ್ನೊಂದು ಬಗೆಯಲ್ಲಿ ಹಳೆಯದನ್ನು, ಸೇವೆಗಳನ್ನು ನಿಯಂತ್ರಿಸುವ ಸಿಸ್ಟಮ್‌ಸಿಟಿಎಲ್ ಆದೇಶದ ಮೂಲಕ ಡಿಸೇಬಲ್ ಮಾಡಿ, ಹೊಸದನ್ನು ಎನೇಬಲ್ ಮಾಡಬೇಕು. ಓಡುತ್ತಿರುವ ಲಾಗಿನ್ ಮ್ಯಾನೇಜರನ್ನು ರೀಸ್ಟಾರ್ಟ್ ಮಾಡಿದರೆ ಅದು ಆರಂಭಿಸಿದ್ದ ಡೆಸ್ಕ್‌ಟಾಪೂ ಅದರೊಂದಿಗೇ ಬೀಳುತ್ತದೆ. ಅಂಕಪಟ್ಟಿ ತೆರೆದಿಟ್ಟು ಆ ಸಾಹಸಕ್ಕೆ ಹೋಗಬೇಡಿ.

ಇದಕ್ಕೆಲ್ಲ ಮೊದಲು ಹಿಂಬಾಗಿಲು ನೋಡಿಟ್ಟುಕೊಳ್ಳಿ. ಕಂಟ್ರೋಲ್, ಆಲ್ಟ್ ಮತ್ತು ಎಫ್3 ಒಟ್ಟಿಗೆ ಒತ್ತಿದರೆ ಚಿತ್ರವಿಲ್ಲದ, ಬರೀ ಅಕ್ಷರಗಳ ಲಾಗಿನ್ ಸಿಗುತ್ತದೆ. ಈ ಬಾಗಿಲು ನಮ್ಮನ್ನು ಒಮ್ಮೆ ಉಳಿಸಿತು. ಇಲ್ಲೇ ಹತ್ತಿರದ ಒಂದು ಶಾಲೆಯಲ್ಲಿ, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಲಾಗಿನ್ನಿಗೇ ಮರಳುತ್ತಿತ್ತು. ತಪ್ಪು ಪಾಸ್‌ವರ್ಡ್ ಎಂಬ ಸೂಚನೆಯೂ ಇಲ್ಲ. ಲಾಗಿನ್ ಮ್ಯಾನೇಜರನ್ನು ತೆಗೆದು ಎರಡು ಸಲ ಮರಳಿ ಹಾಕಿಯಾಗಿತ್ತು. ಪಾಸ್‌ವರ್ಡ್ ಒಪ್ಪಿತವಾಗಿದೆ, ಬಿದ್ದಿರುವುದು ಅದರ ನಂತರದ ಹೆಜ್ಜೆ ಎಂದು ಪರದೆಯೇ ಹೇಳುತ್ತಿದ್ದರೂ ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಹಿಂಬಾಗಿಲಿನಿಂದ ಒಳಹೊಕ್ಕು ಆ ಬಳಕೆದಾರನ ಮನೆ ಫೋಲ್ಡರಿನ ಕಡತಗಳನ್ನು ಪಟ್ಟಿ ಮಾಡಿ ನೋಡಿದರೆ, ಎಕ್ಸ್ ಸರ್ವರಿನ ಗುರುತುಚೀಟಿಯಂತಿರುವ 'ಎಕ್ಸ್‌ಅಥಾರಿಟಿ' ಕಡತದ ಒಡೆತನ ರೂಟ್ ಎಂಬ ಮೇಲ್ವಿಚಾರಕ ಖಾತೆಯ ಹೆಸರಿಗೆ ಹೋಗಿತ್ತು. ಯಾರೋ ಯಾವುದೋ ತಂತ್ರಾಂಶವನ್ನು ಸುಡೊ ಹಾಕಿ, ಅಂದರೆ ರೂಟ್‌ನ ಅಧಿಕಾರದಲ್ಲಿ, ತೆರೆದಿದ್ದರು. ಚೌನ್ ಆದೇಶದಿಂದ ಒಡೆತನ ಮರಳಿಸಿದೆವು, ಡೆಸ್ಕ್‌ಟಾಪ್ ಬಂತು. ಡಿಸ್ಕ್ ಪೂರ್ತಿ ತುಂಬಿದಾಗಲೂ ಇದೇ ಲಕ್ಷಣ ಕಾಣಿಸಿಕೊಳ್ಳಬಹುದು. ಆದ್ದರಿಂದ 'ಡಿಎಫ್ -ಎಚ್' ಓಡಿಸಿ ಖಾಲಿ ಜಾಗವನ್ನೂ ನೋಡಿ.

ಇನ್ನು ಕನ್ನಡ ಬಳಸುವ ನಮಗೇ ವಿಶೇಷವಾಗಿ ಎದುರಾಗುವ ಎರಡು ತೊಡಕುಗಳಿವೆ. ಇಡೀ ವ್ಯವಸ್ಥೆಯ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡವನ್ನು ಮೊದಲನೆಯದಾಗಿ ಇಟ್ಟರೆ, ಲಾಗಿನ್ ಪರದೆಯೂ ಕನ್ನಡದ ಕೀಲಿಗಳೊಂದಿಗೇ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಜಾಗದಲ್ಲಿ ಕಾಣುವುದು ಬರೀ ಚುಕ್ಕೆಗಳಾದ್ದರಿಂದ, ಇಂಗ್ಲಿಷ್ ಅಕ್ಷರಗಳ ಪಾಸ್‌ವರ್ಡಿನ ಬದಲು ಏನು ಒತ್ತುತ್ತಿದ್ದೇವೆಂದು ತಿಳಿಯುವುದೇ ಇಲ್ಲ. ಇಂಗ್ಲಿಷ್ ಮೊದಲು, ಕನ್ನಡ ಎರಡನೆಯದು ಎಂದಿಡಿ. ಎರಡನೆಯ ತೊಡಕು ಹಿಂಬಾಗಿಲಿನದು. ಅಕ್ಷರಗಳ ಆ ಕನ್ಸೋಲ್ ಒಮ್ಮೆಗೆ ಹೆಚ್ಚೆಂದರೆ 512 ಅಕ್ಷರರೂಪಗಳನ್ನು ಇಟ್ಟುಕೊಳ್ಳಬಲ್ಲದು, ಒತ್ತಕ್ಷರಗಳನ್ನು ಜೋಡಿಸುವ ಶಕ್ತಿಯೂ ಅದಕ್ಕಿಲ್ಲ. ವ್ಯವಸ್ಥೆಯ ಭಾಷೆ ಕನ್ನಡವಾಗಿದ್ದರೆ ದೋಷಸೂಚನೆಗಳು ಅಲ್ಲಿ ಓದಲಾಗದ ಗುರುತುಗಳಾಗಿ ಕಾಣುತ್ತವೆ. ಆಗ 'ಎಕ್ಸ್‌ಪೋರ್ಟ್ ಎಲ್‌ಸಿ_ಆಲ್=ಸಿ' ಎಂದು ಕೊಟ್ಟರೆ ಸೂಚನೆಗಳು ಇಂಗ್ಲಿಷಿನಲ್ಲಿ ಬರುತ್ತವೆ. ಕನ್ನಡಾಭಿಮಾನಿಗಳು ಇಷ್ಟು ಹೊತ್ತಿಗೆ ಮಾತ್ರ ಮನ್ನಿಸಬೇಕು.

ಪಾಸ್‌ವರ್ಡಿನ ಗೋಜೇ ಬೇಡ, ನೇರ ಒಳಗೆ ಬಿಡಿ ಎನ್ನುವವರೂ ಇದ್ದಾರೆ. ಮಕ್ಕಳಿಗೆಂದೇ ಇಟ್ಟ ಖಾತೆಗೆ ಅದು ಸರಿ, ಅಂಕಗಳಿರುವ ಯಂತ್ರಕ್ಕೆ ಖಂಡಿತ ಬೇಡ. ಈಗ ನಿಮ್ಮ ಮುಂದಿರುವ ಯಂತ್ರಗಳಲ್ಲಿ ತೆರೆದಿಟ್ಟ ಕಡತಗಳನ್ನು ಸೇವ್ ಮಾಡಿ, ಎಫ್3ರ ಹಿಂಬಾಗಿಲನ್ನು ಒಮ್ಮೆ ತೆರೆದು ನೋಡಿ. ಎಲ್ಲರಿಗೂ ಅದು ತೆರೆದ ಬಳಿಕ ಲೈಟ್‌ಡಿಎಂ ಅಳವಡಿಸಲು ತೊಡಗೋಣ.