ಗಾಳಿ ಬದಿಯ ಕಪ್ಪು ಪದರ

ಕೇಳುಗರಿಗೆ ನಮಸ್ಕಾರ.

ಶಕ್ತಿನಗರದ ಚಿಮಣಿಗಳನ್ನು ನೋಡದ ರಾಯಚೂರಿನವರು ಇರಲಿಕ್ಕಿಲ್ಲ. ಅಲ್ಲಿನ ಉಷ್ಣ ವಿದ್ಯುತ್ ಸ್ಥಾವರದ 8 ಘಟಕಗಳು ಸೇರಿ 1720 ಮೆಗಾವಾಟ್ ಸಾಮರ್ಥ್ಯ. ಯರಮರಸ್‌ನಲ್ಲಿ, ಅತ್ತ ಬಳ್ಳಾರಿ ಪಕ್ಕದ ಕುಡತಿನಿಯಲ್ಲಿ ಕೂಡ ಇಂಥ ಸ್ಥಾವರಗಳಿವೆ. ಎಲ್ಲ ಕಡೆ ಕೆಲಸ ನಡೆಯುವುದು ಒಂದೇ ರೀತಿ. ಕಲ್ಲಿದ್ದಲು ಸುಡಬೇಕು, ಹಬೆ ಎಬ್ಬಿಸಬೇಕು, ಹಬೆಯಿಂದ ಟರ್ಬೈನ್ ತಿರುಗಿಸಬೇಕು. ಕಲ್ಲಿದ್ದಲಿನ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಶಾಖವಾಗಿ ಹೊರಗೆ ಹೋಗುತ್ತದೆ.

ಇಂಧನ ಕೋಶ, ಅಂದರೆ ಫ್ಯೂಯೆಲ್ ಸೆಲ್‌ನಲ್ಲಿ ಬೆಂಕಿಯೂ ಇಲ್ಲ, ಟರ್ಬೈನೂ ಇಲ್ಲ. ಒಂದು ಬದಿಗೆ ಹೈಡ್ರೋಜನ್, ಇನ್ನೊಂದು ಬದಿಗೆ ಗಾಳಿ ಕೊಟ್ಟರೆ ನೇರವಾಗಿ ವಿದ್ಯುತ್ ಬರುತ್ತದೆ. ಇದರಲ್ಲಿ ಹಲವು ಬಗೆಗಳಿವೆ. ನಾನು ಇವತ್ತು ಹೇಳುವುದು ಪ್ರೋಟಾನ್ ಸಾಗಿಸುವ ಸೆರಾಮಿಕ್ ಕೋಶದ ಬಗ್ಗೆ, ಅದರಲ್ಲೂ ಅದರ ಎಲೆಕ್ಟ್ರೋಡ್‌ಗಳ, ಅಂದರೆ ಎರಡೂ ಬದಿಯಲ್ಲಿ ವಿದ್ಯುತ್ ಸಾಗಿಸುವ ಪದರಗಳ ಬಗ್ಗೆ.

1981ರಲ್ಲಿ ಜಪಾನಿನ ಹಿರೋಯಾಸು ಇವಾಹಾರಾ ಮತ್ತು ಅವರ ಸಂಗಡಿಗರು ಒಂದು ಸಂಗತಿ ತೋರಿಸಿಕೊಟ್ಟರು. ಸ್ಟ್ರಾನ್ಷಿಯಂ, ಸೀರಿಯಂ ಇರುವ ಒಂದು ಸೆರಾಮಿಕ್ಕನ್ನು ಚೆನ್ನಾಗಿ ಕಾಯಿಸಿದರೆ ಅದರೊಳಗೆ ಪ್ರೋಟಾನ್ ಹರಿಯುತ್ತದೆ. ಪ್ರೋಟಾನ್ ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್. ಅದು ಒಂದು ಆಮ್ಲಜನಕದಿಂದ ಪಕ್ಕದ ಆಮ್ಲಜನಕಕ್ಕೆ ಜಿಗಿಯುತ್ತಾ ಸಾಗುತ್ತದೆ. ಈಗ ಬೇರಿಯಂ, ಜಿರ್ಕೋನಿಯಂ, ಸೀರಿಯಂ ಬೆರೆಸಿದ ಸೆರಾಮಿಕ್ ಬಳಕೆಯಲ್ಲಿದೆ. ಹಳೆಯ ಬಗೆಯ ಸೆರಾಮಿಕ್ ಕೋಶಗಳಿಗೆ 700ರಿಂದ 1000 ಡಿಗ್ರಿ ಶಾಖ ಬೇಕಿತ್ತು. ಇವು 400ರಿಂದ 600 ಡಿಗ್ರಿಯಲ್ಲೇ ಕೆಲಸ ಮಾಡುತ್ತವೆ. ಶಾಖ ಇಳಿದರೆ ಕಡಿಮೆ ಬೆಲೆಯ ಉಕ್ಕು ಬಳಸಬಹುದು, ಬಾಳಿಕೆಯೂ ಹೆಚ್ಚಬಹುದು.

ಇಂಧನದ ಬದಿಯ ಎಲೆಕ್ಟ್ರೋಡ್ ತಯಾರಾಗುವುದನ್ನು ಹತ್ತಿರದಿಂದ ನೋಡಬೇಕು. ನಿಕಲ್ ಆಕ್ಸೈಡ್ ಹಸಿರು ಪುಡಿ. ಅದನ್ನು ಸೆರಾಮಿಕ್ ಪುಡಿಯ ಜೊತೆ ಬೆರೆಸಿ, ಅಚ್ಚಿನಲ್ಲಿ ಒತ್ತಿ ಬಿಲ್ಲೆ ಮಾಡುತ್ತಾರೆ. ಮೇಲೆ ಪ್ರೋಟಾನ್ ಸಾಗಿಸುವ ತೆಳು ಪದರ ಹಚ್ಚಿ, 1400 ಡಿಗ್ರಿ ದಾಟಿ ಸುಡುತ್ತಾರೆ. ಆಮೇಲೆ ಬಿಸಿಯಲ್ಲೇ ಹೈಡ್ರೋಜನ್ ಹಾಯಿಸಿದರೆ ಹಸಿರು ಹೋಗಿ ಬೂದು ಬಣ್ಣ ಬರುತ್ತದೆ. ನಿಕಲ್ ತನ್ನ ಆಮ್ಲಜನಕ ಬಿಟ್ಟುಕೊಟ್ಟು ಲೋಹವಾಗಿ ಕುಗ್ಗಿರುತ್ತದೆ. ಕುಗ್ಗಿದ ಜಾಗದಲ್ಲಿ ಸಣ್ಣ ಸಣ್ಣ ತೂತುಗಳು. ಅನಿಲ ಹರಿಯಲು ಬೇಕಾದ ತೂತನ್ನು ಯಾರೂ ಕೊರೆಯಬೇಕಾಗಿಲ್ಲ, ತಾನಾಗಿಯೇ ಆಗುತ್ತದೆ! ನನಗೆ ಇದು ಎಷ್ಟು ಸಲ ನೋಡಿದರೂ ಬೇಸರವಾಗದ ಕೆಲಸ.

ಕಷ್ಟ ಇರುವುದು ಗಾಳಿಯ ಬದಿಯಲ್ಲಿ. ಶಾಖ ಇಳಿಸಿದಷ್ಟೂ ಆಮ್ಲಜನಕದ ಅಣು ಒಡೆಯುವುದು ನಿಧಾನವಾಗುತ್ತದೆ. ಜೊತೆಗೆ ಈ ಕೋಶದಲ್ಲಿ ಪ್ರೋಟಾನ್ ದಾಟಿ ಬಂದು ಆಮ್ಲಜನಕವನ್ನು ಸೇರುವುದರಿಂದ ನೀರು ಹುಟ್ಟುವುದೂ ಗಾಳಿಯ ಬದಿಯಲ್ಲೇ. ಹಾಗಾಗಿ ಇಂಧನಕ್ಕೆ ನೀರು ಬೆರೆಯುವುದಿಲ್ಲ, ಅದು ಒಳ್ಳೆಯದೇ. ಆದರೆ ಗಾಳಿಯ ಬದಿಯ ಕಪ್ಪು ಪದರ, ಅಂದರೆ ಅಲ್ಲಿನ ಎಲೆಕ್ಟ್ರೋಡ್, ಮೂರು ಹೊರೆ ಹೊರಬೇಕಾಗುತ್ತದೆ: ಎಲೆಕ್ಟ್ರಾನ್, ಆಮ್ಲಜನಕದ ಅಯಾನು (ವಿದ್ಯುದಂಶ ಹೊತ್ತ ಆಮ್ಲಜನಕ), ಪ್ರೋಟಾನ್. ಪ್ರೋಟಾನ್ ಸಾಗಿಸದಿದ್ದರೆ ಎರಡು ಪದರ ಸೇರುವ ಅಂಚಿನಲ್ಲಿ ಮಾತ್ರ ಕ್ರಿಯೆ ನಡೆಯುತ್ತದೆ, ಉಳಿದ ಭಾಗವೆಲ್ಲಾ ಸುಮ್ನೆ ಕೂತಿರುತ್ತದೆ. ಮೂರನ್ನೂ ಸಾಗಿಸಿದರೆ ಇಡೀ ಪದರವೇ ಕೆಲಸಕ್ಕೆ ಬರುತ್ತದೆ.

2015ರಲ್ಲಿ ಅಮೆರಿಕದ ಕೊಲೊರಾಡೊ ಸ್ಕೂಲ್ ಆಫ್ ಮೈನ್ಸ್‌ನ ತಂಡ ಇಂಥದ್ದೇ ಒಂದು ಎಲೆಕ್ಟ್ರೋಡಿನಿಂದ 500 ಡಿಗ್ರಿಯಲ್ಲಿ ಒಳ್ಳೆಯ ಫಲಿತಾಂಶ ಕಂಡಿತು. ಅದರಲ್ಲಿ ಬೇರಿಯಂ ಜೊತೆಗೆ ಕೋಬಾಲ್ಟ್ 40 ಪಾಲು, ಕಬ್ಬಿಣ 40 ಪಾಲು, ಜಿರ್ಕೋನಿಯಂ ಮತ್ತು ಇಟ್ರಿಯಂ ತಲಾ 10 ಪಾಲು.

ಇಲ್ಲಿ ಕೋಬಾಲ್ಟ್ ಬಗ್ಗೆ ಎರಡು ಮಾತು ಹೇಳಲೇಬೇಕು. ಆಮ್ಲಜನಕವನ್ನು ಒಡೆಯುವುದರಲ್ಲಿ ಅದು ಜಾಣ. ಆದರೆ ದುಬಾರಿ, ಜಗತ್ತಿಗೆಲ್ಲಾ ಬಹುಪಾಲು ಕಾಂಗೋದಿಂದ ಬರಬೇಕು. ಇನ್ನೊಂದು ತೊಂದರೆ, ಅದು ಜಾಸ್ತಿ ಇದ್ದರೆ ಬಿಸಿಗೆ ಎಲೆಕ್ಟ್ರೋಡ್ ತುಂಬಾ ಹಿಗ್ಗುತ್ತದೆ. ಕೆಳಗಿನ ಸೆರಾಮಿಕ್ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 10 ಪಾಲು ಹಿಗ್ಗಿದರೆ, ಕೋಬಾಲ್ಟ್ ತುಂಬಿದ್ದು ಸುಮಾರು 20 ಪಾಲು. ನಮ್ಮ ಬೇಸಿಗೆಗೆ ರೈಲು ಹಳಿ ಹಿಗ್ಗುವ ಹಾಗೆಯೇ ಇದೂ. ಹಳಿಗಾದರೆ ನಡುವೆ ಜಾಗ ಬಿಡಬಹುದು. ಇಲ್ಲಿ ಎರಡೂ ಅಂಟಿಕೊಂಡಿರುತ್ತವೆ. ಕಾಯಿಸಿ ಆರಿಸಿ ಮಾಡುತ್ತಾ ಹೋದರೆ ಪದರ ಏಳುತ್ತದೆ.

ಅದಕ್ಕೇ ಕೋಬಾಲ್ಟ್ ಕಡಿಮೆ ಮಾಡಿ, ಸಾಧ್ಯವಾದರೆ ಪೂರ್ತಿ ಬಿಟ್ಟು, ಕಬ್ಬಿಣದ ಆಕ್ಸೈಡ್‌ಗಳಿಂದಲೇ ಎಲೆಕ್ಟ್ರೋಡ್ ಮಾಡುವ ಪ್ರಯತ್ನ ಹಲವು ಕಡೆ ನಡೆದಿದೆ. ಇವು ಕಡಿಮೆ ಹಿಗ್ಗುತ್ತವೆ, ಅಗ್ಗವೂ ಹೌದು. ವೇಗದಲ್ಲಿ ಮಾತ್ರ ಸ್ವಲ್ಪ ಹಿಂದೆ. ನನ್ನ ಮಟ್ಟಿಗೆ, ಹೆಚ್ಚು ದುಡಿಯಬೇಕಾದ ದಾರಿ ಇದೇ. ಸಂಡೂರಿನ ಅದಿರನ್ನು ಹಾಗೇ ಪುಡಿ ಮಾಡಿ ಹಾಕಲು ಬರುವುದಿಲ್ಲ, ಬೇಕಾಗುವುದು ತೀರಾ ಶುದ್ಧವಾದ ಕಬ್ಬಿಣದ ಲವಣ. ಆದರೂ ಕಬ್ಬಿಣದ ರಸಾಯನಶಾಸ್ತ್ರ ನಮ್ಮ ಜಿಲ್ಲೆಗಳ ಹುಡುಗ ಹುಡುಗಿಯರಿಗೆ ದೂರದ ವಿಷಯವೇನಲ್ಲ, ಅಲ್ವಾ?

ಇನ್ನೂ ಬಿಡಿಸಬೇಕಾದ ಗಂಟುಗಳಿವೆ. ಬೇರಿಯಂ ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲ್ಮೈಯಲ್ಲಿ ಕಾರ್ಬೊನೇಟ್ ಆಗುತ್ತದೆ. ಕೋಶಗಳನ್ನು ಜೋಡಿಸುವ ಉಕ್ಕಿನಿಂದ ಕ್ರೋಮಿಯಂ ಆವಿಯಾಗಿ ಬಂದು ಎಲೆಕ್ಟ್ರೋಡಿನ ಮೇಲೆ ಕೂರುತ್ತದೆ. ಪ್ರಯೋಗಾಲಯದ ಚಿಕ್ಕ ಬಿಲ್ಲೆ ಚೆನ್ನಾಗಿ ನಡೆದ ಮಾತ್ರಕ್ಕೆ ಅಂಗೈ ಅಗಲದ ಕೋಶ ನಡೆಯುತ್ತದೆ ಅನ್ನುವಂತಿಲ್ಲ. ಇದೇ ಕೋಶಕ್ಕೆ ಹಬೆ ಮತ್ತು ವಿದ್ಯುತ್ ಕೊಟ್ಟು ಹಿಮ್ಮುಖವಾಗಿ ನಡೆಸಿದರೆ ಒಣ ಹೈಡ್ರೋಜನ್ ಸಿಗುತ್ತದೆ. ತೋರಣಗಲ್ಲಿನಂಥ ಉಕ್ಕಿನ ಊರಿಗೆ ಅದು ಬೇಕಾದ ಅನಿಲ, ಕಲ್ಲಿದ್ದಲಿಲ್ಲದೆ ಅದಿರಿನಿಂದ ಕಬ್ಬಿಣ ತೆಗೆಯಲು. ಹಾಗೆ ನಡೆಸುವಾಗ ಹಬೆಯ ಹೊಡೆತವೆಲ್ಲಾ ಬೀಳುವುದು ಮತ್ತೆ ಆ ಕಪ್ಪು ಪದರದ ಮೇಲೆಯೇ. ಸಾವಿರಾರು ಗಂಟೆ ಅದನ್ನು ತಾಳುವ ಕಬ್ಬಿಣದ ಎಲೆಕ್ಟ್ರೋಡ್ ಬೇಕಾಗಿದೆ.

ನಮಸ್ಕಾರ.